ಸಹಜ ಮಿತಿಯೊಳಗೆ

ತಾನು ಗುಣವಾಗಿದ್ದೇನೆ ಎಂಬ ಸುದ್ದಿ ವಾಣಿಶ್ರೀಗೆ ಮುಟ್ಟಿದ್ದು ಹರಿಹರದ ಬಸ್ಸಿನಲ್ಲಿ, ಕಂಡಕ್ಟರ್ ಪಕ್ಕದಲ್ಲೇ ನಿಂತು ಆಧಾರ್ ಕೇಳುತ್ತಿದ್ದಾಗ. ಕಾರ್ಡಿನ ಫೋಟೋ ತೋರಿಸೋಣವೆಂದು ಫೋನು ತೆಗೆದರೆ ಲ್ಯಾಬಿನವರ ಸಂದೇಶ ಎಲ್ಲಕ್ಕಿಂತ ಮೇಲೆ ಕೂತಿತ್ತು. ಬೆರಳು ತಾನಾಗಿಯೇ ಅದನ್ನು ಒತ್ತಿತು. ಥೈರಾಯ್ಡಿನ ಟಿಎಸ್‌ಎಚ್ ಎರಡು ಪಾಯಿಂಟ್ ಮೂರು. ಪಕ್ಕದಲ್ಲಿ ಇಂಗ್ಲಿಷಿನಲ್ಲಿ, ಸಹಜ ಮಿತಿಯೊಳಗೆ. "ಮೇಡಂ, ಇದು ಆಧಾರ್ ಅಲ್ರಿ, ಯಾವ್ದೋ ರಕ್ತದ ರಿಪೋರ್ಟು," ಎಂದ ಕಂಡಕ್ಟರ್, ನಾಲ್ಕು ಸೀಟಿಗೆ ಕೇಳುವಂತೆ. ಹಿಂದಿನ ಸೀಟಿನ ಹೆಂಗಸು ಕತ್ತು ಚಾಚಿ ಇಣುಕಿದಳು. ವಾಣಿಶ್ರೀ ಗಡಿಬಿಡಿಯಲ್ಲಿ ಆಧಾರ್ ಹುಡುಕಿ ತೋರಿಸಿ, ದುಡ್ಡಿಲ್ಲದ ಟಿಕೆಟು ಈಸಿಕೊಂಡು, ಏನೋ ಕಳವು ಮಾಡಿದವಳಂತೆ ಫೋನನ್ನು ಪರ್ಸಿಗೆ ತುರುಕಿದಳು. ಎರಡು ವರ್ಷದಿಂದ ಎಷ್ಟು ಗುಳಿಗೆ ನುಂಗಿದರೂ ಹನ್ನೊಂದು, ಹದಿಮೂರು ಎಂದು ಹಟ ಹಿಡಿದು ಕೂತಿದ್ದ ಸಂಖ್ಯೆ ಇಳಿದುಬಿಟ್ಟಿತ್ತು. ಸಂತೋಷವಾಗಬೇಕಿತ್ತು. ಸಂತೋಷಕ್ಕಾಗಿ ಸ್ವಲ್ಪ ಹೊತ್ತು ಕಾದಳು ಕೂಡ. ಬಂದದ್ದು ಹೆದರಿಕೆ. ರಕ್ತ ಸರಿಯಾಗಿದ್ದರೆ ಬೆಳಿಗ್ಗೆ ಎದ್ದ ಗಳಿಗೆಯಿಂದ ಎದೆಯ ಮೇಲೆ ಕೂತಿರುವ ಈ ಭಾರ ಯಾವುದು? ಇದನ್ನು ಇನ್ನು ಯಾವ ಗ್ರಂಥಿಯ ತಲೆಗೆ ಕಟ್ಟುವುದು?

ಅಷ್ಟರಲ್ಲಿ ಗಂಡನ ಫೋನು. ಕೊಟ್ಟೂರೇಶನದು ಪಂಪ್‌ಸೆಟ್ಟಿನ ಅಂಗಡಿ. ಅವನು ಅಲ್ಲಿಂದ ಮಾತಾಡಿದರೆ ಹಿಂದೆ ಒಂದಲ್ಲ ಒಂದು ಮೋಟರು ಓಡುತ್ತಲೇ ಇರುತ್ತದೆ. "ಬಂತಾ ರಿಪೋರ್ಟು?" "ಬಂತು." "ಎಷ್ಟೈತೆ?" ಅವಳು ಕಿಟಕಿಯಾಚೆ ನೋಡಿದಳು. ಊರು ಮುಗಿದು ಭತ್ತದ ಗದ್ದೆ ಶುರುವಾಗಿತ್ತು. "ಇನ್ನೂ ಜಾಸ್ತಿನೇ ಐತ್ರಿ," ಎಂದಳು. ಮಾತು ಆಚೆ ಬಿದ್ದ ಮೇಲಷ್ಟೇ ಅದನ್ನು ಆಡಿದ್ದು ತಾನು ಎಂದು ಗೊತ್ತಾಯಿತು. ಆ ಕಡೆ ಮೋಟರಿನ ಸದ್ದು ನಿಂತಿತು, ಅವನೇ ನಿಲ್ಲಿಸಿರಬೇಕು. "ಹೋಗ್ಲಿ ಬಿಡು. ತಲೆ ಕೆಡಿಸ್ಕೊಬ್ಯಾಡ. ನೀನೇನು ಬೇಕಂತ ಮಾಡ್ಕಂಡೀಯಾ? ಬಸ್ಸಿನಾಗೆ ಸೀಟು ಸಿಕ್ಕೈತಾ?" ಸೀಟು ಸಿಕ್ಕಿದೆಯೇ ಎಂದು ಕೇಳಿದ. ಅಷ್ಟಕ್ಕೇ ಅವಳ ಕಣ್ಣು ತುಂಬಿದವು. ಸಿಕ್ಕೈತೆ ಎಂದಳು. ನೀರು ತಗೊಂಡೀಯಾ ಎಂದ. ತಗೊಂಡೀನಿ ಎಂದಳು. ಫೋನಿಟ್ಟ ಮೇಲೂ ಆ ದನಿಯ ಬಿಸಿ ಕಿವಿಯಲ್ಲಿತ್ತು. ಸುಳ್ಳಿಗೆ ಇಷ್ಟು ಒಳ್ಳೆಯ ಬೆಲೆ ಸಿಗುತ್ತದೆಂದು ನಲವತ್ತಾರು ವರ್ಷ ಅವಳಿಗೆ ಗೊತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಥೈರಾಯ್ಡು ಬಂದ ಮೇಲೇ ಆ ಮನೆಯಲ್ಲಿ ಅವಳಿಗೊಂದು ಜಾಗ ಸಿಕ್ಕಿದ್ದು. ಶಾಮನೂರಿನ ಹೊಸ ಬಡಾವಣೆಯಲ್ಲಿ ಕಟ್ಟಿಸಿದ ದೊಡ್ಡ ಮನೆ. ಅತ್ತೆ ದ್ರಾಕ್ಷಾಯಣಮ್ಮ, ಮೈದುನ, ಅವನ ಹೆಂಡತಿ, ಅವರ ಎರಡು ಮಕ್ಕಳು, ಇವಳ ಮಗಳು ಕೃತಿಕಾ. ಬಾಗಿಲಲ್ಲಿ ಚಪ್ಪಲಿ ಬಿಡಲು ಜಾಗವಿರುವುದಿಲ್ಲ. ಮೊದಲೆಲ್ಲ ಅವಳು ಸುಮ್ಮನೆ ಕೂತರೆ ಓದಿದ ಸೊಕ್ಕು, ಬೇಗ ಮಲಗಿದರೆ ಮೈಗಳ್ಳತನ, ಕಣ್ಣು ಕೆಂಪಾದರೆ ಯಾರ ಮೇಲೋ ಸಿಟ್ಟು. ಒಂದು ಸಲ ಎಲ್ಲರೂ ಕೊಂಡಜ್ಜಿ ಕೆರೆಗೆ ಬುತ್ತಿ ಕಟ್ಟಿಕೊಂಡು ಹೋಗಿದ್ದರು. ಊಟದ ನಡುವೆ ಎದ್ದು ಅವಳು ಏರಿಯ ಮೇಲೆ ದೂರ ನಡೆದಳು. ಕಣ್ಣಿಗೆ ಬೀಳದಷ್ಟು ದೂರ. ಒಂದು ಮರದ ಬುಡದಲ್ಲಿ ಕೂತು, ಯಾರಾದರೂ ಕರೆಯುತ್ತಾರೆಂದು ಕಾದಳು. ನೀರಿನ ಮೇಲೆ ಹಕ್ಕಿಗಳು ಎದ್ದು ಕೂತು ಮಾಡಿದವು, ಬಿಸಿಲು ಬಾಗಿತು, ಯಾರೂ ಕರೆಯಲಿಲ್ಲ. ತಾನೇ ಹಿಂತಿರುಗಿದಾಗ ಓರಗಿತ್ತಿ ತಲೆಯೆತ್ತಿ, "ಅಕ್ಕಾ, ಮೊಸರನ್ನದ ಡಬ್ಬಿ ಎಲ್ಲಿಟ್ಟೀರಿ?" ಎಂದು ಕೇಳಿದಳು. ಡಬ್ಬಿ ಓರಗಿತ್ತಿಯ ಕಾಲ ಬುಡದಲ್ಲೇ ಇತ್ತು. ಆಮೇಲೆ ಕಾಯಿಲೆ ಸಿಕ್ಕಿತು. ಅವತ್ತಿನಿಂದ ಅವಳ ಮೌನಕ್ಕೆ, ಊದಿದ ಮುಖಕ್ಕೆ, ಬೇರೆ ಕೋಣೆಯಲ್ಲಿ ಮಲಗುವುದಕ್ಕೆ ಎಲ್ಲದಕ್ಕೂ ಒಂದು ಹೆಸರಾಯಿತು. "ಪಾಪ, ಅದಕ್ಕೆ ಥೈರಾಯ್ಡ್ ಐತೆ," ಎಂದು ಅತ್ತೆ ಬಂದವರ ಮುಂದೆ ಹೇಳುವಾಗ ದನಿಯಲ್ಲಿ ಒಂಥರದ ಹೆಮ್ಮೆಯೂ ಇರುತ್ತಿತ್ತು. ಎಲ್ಲರೂ ಹೇಗಿದೆ ಎಂದು ಕೇಳುವವರೇ. ಥೈರಾಯ್ಡು ಹೇಗಿದೆ ಎಂದು.

ಬಸ್ಸು ನಿಂತು ಜನ ಹತ್ತಿದರು. ಒಬ್ಬ ಮುದುಕ ಹಣೆ ತುಂಬ ವಿಭೂತಿ ಬಳಿದುಕೊಂಡು ಎದುರು ಸೀಟಿನಲ್ಲಿ ಕೂತ. ವಾಣಿಶ್ರೀ ಮುಖ ತಿರುಗಿಸಿದಳು. ವಿಭೂತಿ ಕಂಡರೆ ಮೂರು ತಿಂಗಳಿಂದ ಅವಳಿಗೆ ನಾಚಿಕೆ. ಆ ಮನೆಯಲ್ಲಿ ಲಿಂಗಪೂಜೆಗೆ ಮುಂಚೆ ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ, ನೀರು ಸಹ. ಹಾಗಾಗಿ ಖಾಲಿ ಹೊಟ್ಟೆಯ ಗುಳಿಗೆಯನ್ನು ಅವಳು ಪೂಜೆ ಮುಗಿದ ಮೇಲೆ ನುಂಗುತ್ತಿದ್ದಳು. ಅತ್ತೆ ಕೊಟ್ಟ ಚಿಟಿಕೆ ವಿಭೂತಿ ನಾಲಿಗೆಯ ಮೇಲೆ, ಅದರ ಹಿಂದೆ ಗುಳಿಗೆ, ಅದರ ಹಿಂದೆ ನೈವೇದ್ಯದ ಹಾಲು. ಡಾಕ್ಟರು ಪ್ರಮಾಣ ಏರಿಸಿ ಏರಿಸಿ ಸಾಕಾಗಿ, ಕೊಟ್ಟೂರೇಶನ ಎದುರೇ, "ಗುಳಿಗೆ ನುಂಗ್ತೀರೋ, ಕಿಟಕಿಯಿಂದ ಎಸೀತೀರೋ?" ಎಂದಿದ್ದರು. ಗಂಡ ಅವಳ ಮುಖ ನೋಡಿದ್ದ. ಆ ನೋಟ ಇನ್ನೂ ಮೈಯಲ್ಲಿ ನೆಟ್ಟಿದೆ. ಕೊನೆಗೆ ಡಾಕ್ಟರೇ ಬೆಳಗಿನ ಕ್ರಮವನ್ನೆಲ್ಲ ಕೇಳಿ ತಿಳಿದು ನಕ್ಕುಬಿಟ್ಟರು: ಹಾಲಿನಲ್ಲಿ ಸುಣ್ಣದ ಅಂಶ, ಅಂಗಡಿಯ ವಿಭೂತಿಯಲ್ಲೂ ಸುಣ್ಣವಿರಬಹುದು, ಗುಳಿಗೆ ಹೊಟ್ಟೆಯಲ್ಲೇ ಅದಕ್ಕೆ ಅಂಟಿಕೊಂಡು ಹೊರಗೆ ಹೋಗುತ್ತಿದೆ, ರಕ್ತಕ್ಕೆ ಸೇರುವುದೇ ಇಲ್ಲ. "ಜೀವಶಾಸ್ತ್ರ ಹೇಳೋ ಮೇಷ್ಟ್ರು ನೀವು!" ಎಂದರು. ಗೊತ್ತಿರಲಿಲ್ಲ ಎಂದಳು. ಗೊತ್ತಿರಲಿಲ್ಲವೇ? ಗುಳಿಗೆಯ ಜೊತೆ ಬರುವ ಸಣ್ಣಕ್ಷರದ ಚೀಟಿಯನ್ನು ಅವಳು ಒಮ್ಮೆ ಓದಿದ್ದಳು. ಓದಿ ಮಡಿಸಿಟ್ಟಿದ್ದಳು. ಆಣೆ ಮಾಡಿ ಹೇಳು ಎಂದು ಯಾರಾದರೂ ಕೇಳಿದ್ದರೆ ಅವಳು ಬೇರೆ ಏನಾದರೂ ಹೇಳಬೇಕಾಗುತ್ತಿತ್ತು. ಆದರೆ ಯಾರೂ ಆ ಮಟ್ಟಕ್ಕೆ ಕೇಳಲಿಲ್ಲ. ಮನೆಗೆ ಬಂದು ವಿಷಯ ಹೇಳಿದಾಗ ದ್ರಾಕ್ಷಾಯಣಮ್ಮ ಒಂದು ದಿನವಿಡೀ ಮಾತಾಡಲಿಲ್ಲ. ಮಾರನೆಯ ಬೆಳಿಗ್ಗೆ ಸೊಸೆ ಏಳುವ ಮೊದಲೇ ಹಾಸಿಗೆಯ ಪಕ್ಕ ಒಂದು ಲೋಟ ನೀರು ತಂದಿಟ್ಟು, "ನುಂಗು. ಸ್ನಾನ ಪೂಜೆ ಆಮೇಲೆ. ಗಂಟಲ ಬ್ಯಾನೆ ಏನಂತ ಶಿವನಿಗೂ ಗೊತ್ತೈತೆ," ಎಂದರು. ವಿಷ ಕುಡಿದ ದೇವರ ಮೇಲೆ ಅಷ್ಟು ಸಲಿಗೆ ಅವರಿಗೆ. ಐವತ್ತು ವರ್ಷದ ಕಟ್ಟಳೆಯನ್ನು ಮುದುಕಿ ಇವಳ ಕುತ್ತಿಗೆಗಾಗಿ ಮುರಿದಿದ್ದರು, ಮತ್ತು ಆ ಋಣದ ಬಗ್ಗೆ ಯಾರಿಗೂ ಏನೂ ಹೇಳಿರಲಿಲ್ಲ.

ಹರಿಹರದ ಕಾಲೇಜಿನಲ್ಲಿ ಅವತ್ತಿನ ಪಾಠವೂ ಥೈರಾಯ್ಡೇ ಆಗಿತ್ತು, ವಿಧಿಯಲ್ಲ, ಸಿಲೆಬಸ್ಸು. ದ್ವಿತೀಯ ಪಿಯುಸಿಗೆ ಇದು ಬರುವುದಿಲ್ಲ, ಪ್ರಥಮದವರಿಗೆ ವರ್ಷದ ಕೊನೆಗೆ ಬರುತ್ತದೆ, ಮಕ್ಕಳು ಅರ್ಧ ನಿದ್ದೆಯಲ್ಲಿರುತ್ತಾರೆ. ಬೋರ್ಡಿನ ಮೇಲೆ ಒಂದರ ಕೆಳಗೊಂದು ಮೂರು ವೃತ್ತ ಬರೆದಳು. "ಮೇಲಿನದು ಹೈಪೋಥಲಾಮಸ್. ಇದು ಪಿಟ್ಯುಟರಿಗೆ ಹೇಳುತ್ತೆ. ಪಿಟ್ಯುಟರಿ ಟಿಎಸ್‌ಎಚ್ ಕಳಿಸಿ ಥೈರಾಯ್ಡಿಗೆ ಹೇಳುತ್ತೆ. ಥೈರಾಯ್ಡು ತನ್ನ ಹಾರ್ಮೋನನ್ನ ರಕ್ತಕ್ಕೆ ಬಿಡುತ್ತೆ. ರಕ್ತದಲ್ಲಿ ಅದು ಸಾಕಾಯ್ತು ಅಂದ್ರೆ ಮೇಲಿನವೆರಡೂ ಸುಮ್ಮನಾಗ್ತವೆ. ಕಮ್ಮಿಯಾಯ್ತು ಅಂದ್ರೆ ಪಿಟ್ಯುಟರಿ ದನಿ ಏರಿಸುತ್ತೆ. ಅದಕ್ಕೇ ಥೈರಾಯ್ಡು ಸೋತವರಲ್ಲಿ ಟಿಎಸ್‌ಎಚ್ ಜಾಸ್ತಿ. ಕಾಯಿಲೆ ಕೆಳಗೆ, ಕೂಗಾಟ ಮೇಲೆ." ಹಿಂದಿನ ಬೆಂಚಿನವರು ನಕ್ಕರು, ಮನೆಯಲ್ಲಿ ಅಜ್ಜಿಯರ ಕೂಗಾಟ ನೆನಪಾಗಿರಬೇಕು. "ಮನೆ ಮೇಲಿನ ಟ್ಯಾಂಕಲ್ಲಿ ಚೆಂಡು ಇರುತ್ತಲ್ಲ? ನೀರು ತುಂಬಿದ್ರೆ ಚೆಂಡು ಏಳುತ್ತೆ, ಮೋಟರ್ ನಿಲ್ಲುತ್ತೆ. ನೀರು ಇಳಿದ್ರೆ ಚೆಂಡು ಇಳಿಯುತ್ತೆ, ಮೋಟರ್ ಶುರುವಾಗುತ್ತೆ. ಅಷ್ಟೇ." ಈ ಹೋಲಿಕೆಯನ್ನು ಅವಳು ಗಂಡನ ಅಂಗಡಿಯಿಂದ ಎತ್ತಿಕೊಂಡದ್ದು. ಮದುವೆಯಾದ ಹೊಸದರಲ್ಲಿ ಅವನು ಅವಳನ್ನು ಕೂರಿಸಿಕೊಂಡು ಆ ಸ್ವಿಚ್ಚು ಹೇಗೆ ಕೆಲಸ ಮಾಡುತ್ತದೆ ಎಂದು ಬಕೆಟ್ಟಿನಲ್ಲಿ ನೀರು ಹಾಕಿ ತೋರಿಸಿದ್ದ. ಅವನ ಕೈಯೆಲ್ಲ ಗ್ರೀಸು. ಅವತ್ತು ಅವರು ಎಷ್ಟು ನಕ್ಕಿದ್ದರು. ಯಾತಕ್ಕೆ ಎಂಬುದು ಮರೆತಿದೆ.

ಎರಡನೇ ಬೆಂಚಿನ ಸಿಮ್ರಾನ್ ಎದ್ದು ನಿಂತಳು. "ಮೇಡಂ, ನಮ್ಮನೆ ಬೋರು ಬತ್ತೋಗೈತೆ. ಟ್ಯಾಂಕರ್ ನೀರು ಹಾಕಿಸ್ತೀವಿ. ಆಗ್ಲೂ ಚೆಂಡು ಮೇಲೆ ಬರ್ತೈತೆ. ಗುಳಿಗೆ ನುಂಗಿದ್ರೂ ಹಂಗೇನಾ? ಇದು ಥೈರಾಯ್ಡಿಂದಲ್ಲ, ಹೊರಗಿಂದು ಅಂತ ಪಿಟ್ಯುಟರಿಗೆ ಗೊತ್ತಾಗಲ್ವಾ?"

"ಗೊತ್ತಾಗಲ್ಲ. ರಕ್ತದಲ್ಲಿ ಎಷ್ಟಿದೆ ಅಂತ ಮಾತ್ರ ನೋಡುತ್ತೆ. ಎಲ್ಲಿಂದ ಬಂತು ಅಂತ ಕೇಳಲ್ಲ."

"ಅಂದ್ರೆ ಬೋರು ಬತ್ತಿದ್ದು ಬತ್ತಿದಂಗೇ ಇರ್ತೈತಲ್ಲ ಮೇಡಂ."

"ಇರುತ್ತೆ," ಎಂದಳು ವಾಣಿಶ್ರೀ. ಹುಡುಗಿ ತೃಪ್ತಿಯಿಂದ ಕೂತಳು. ಪರೀಕ್ಷೆಗೆ ಬರುವ ಪ್ರಶ್ನೆಯೊಂದು ಬಗೆಹರಿದಿತ್ತು. ಸೀಮೆಸುಣ್ಣ ಹಿಡಿದು ವಾಣಿಶ್ರೀ ಬೋರ್ಡಿಗೆ ಮುಖ ಮಾಡಿ ನಿಂತೇ ಇದ್ದಳು. ಹೌದಲ್ಲ. ಎರಡು ಚಿಲ್ಲರೆ ಎಂಬ ಸಂಖ್ಯೆಗೆ ಅರ್ಥ ಅವಳ ಗ್ರಂಥಿ ಚಿಗುರಿತು ಎಂದಲ್ಲ. ಮೇಲಿನದು ಕೂಗುವುದನ್ನು ನಿಲ್ಲಿಸಿತು ಎಂದು, ಅಷ್ಟೇ. ಸಂಜೆ ತಾನು ನಿಜ ಹೇಳಿದರೆ ಮನೆಯೂ ಹಾಗೇ ನಿಲ್ಲಿಸುತ್ತದೆ. ಥೈರಾಯ್ಡು ಹೇಗಿದೆ ಎಂದು ಕೇಳುವ ದನಿಗಳು ಒಂದೊಂದಾಗಿ ಸುಮ್ಮನಾಗುತ್ತವೆ, ಮತ್ತೆ ಆ ಕೆರೆ ಏರಿ, ಆ ಮರದ ಬುಡ. ಹಿಂದಿನಿಂದ ಗುಸುಗುಸು ಕೇಳಿತು. ಎಷ್ಟು ಹೊತ್ತಿನಿಂದ ಹೀಗೆ ನಿಂತಿದ್ದೇನೋ ಎಂದು ಬೆಚ್ಚಿ, ಬೇಕಿಲ್ಲದಿದ್ದರೂ ಮೂರನೆಯ ವೃತ್ತವನ್ನು ಅಳಿಸಿ ಮತ್ತೆ ಬರೆದಳು.

ಸ್ಟಾಫ್ ರೂಮಿನಲ್ಲಿ ಭೌತಶಾಸ್ತ್ರದ ಅಂಜನ್ ಕುಮಾರ್ ಡಬ್ಬಿ ಬಿಚ್ಚುತ್ತಿದ್ದರು. "ಏನ್ರಿ ಮೇಡಂ, ಡಲ್ಲಾಗೀರಿ? ಥೈರಾಯ್ಡಾ?" ಎಂದರು. ಅವಳು ಹೂಂ ಎಂದಳು. ಎರಡನೆಯ ಸಲ ಸುಳ್ಳು ಹೇಳುವುದು ಎಷ್ಟು ಸಲೀಸು. "ನಮ್ಮನ್ಯಾಗೂ ಅದೇರಿ. ಅವಳು ರೇಗಿದ್ರೆ ನಾನು ಉತ್ರಾನೇ ಕೊಡಲ್ಲ. ಮಾತಾಡೋದು ಅವಳಲ್ಲ, ಹಾರ್ಮೋನು!" ಸುತ್ತಲಿದ್ದವರು ನಕ್ಕರು. ಅವಳೂ ನಕ್ಕಳು. ಒಳ್ಳೆಯ ಮನುಷ್ಯ, ಹೆಂಡತಿಯ ಗುಳಿಗೆಯನ್ನು ತಾನೇ ತಂದುಕೊಡುತ್ತಾನೆ. ಆ ಹೆಂಗಸು ಯಾವಾಗಲಾದರೂ ನ್ಯಾಯವಾಗಿಯೇ ರೇಗಿರಬಹುದಲ್ಲ, ಆಗಲೂ ಇವನು ಹೀಗೇ ಮುಗುಳ್ನಗುತ್ತ ಅನ್ನ ಕಲಸುತ್ತಿದ್ದನೇ? ಕೇಳಬೇಕೆನಿಸಿತು. ಕೇಳಿದರೆ ಅದೂ ಹಾರ್ಮೋನೇ ಆಗುತ್ತಿತ್ತು. ತನ್ನ ಡಬ್ಬಿಯ ರೊಟ್ಟಿಯನ್ನು ಅರ್ಧಕ್ಕೇ ಮುಚ್ಚಿಟ್ಟಳು.

ಸಂಜೆ ಮನೆ ಮುಟ್ಟಿದಾಗ ಸುದ್ದಿ ಅವಳಿಗಿಂತ ಮೊದಲೇ ತಲುಪಿತ್ತು. ದ್ರಾಕ್ಷಾಯಣಮ್ಮ ಹೊಸಿಲಲ್ಲೇ ಎದುರುಗೊಂಡು ಚೀಲ ಈಸಿಕೊಂಡರು. "ಇಳಿದಿಲ್ಲಂತಲ್ಲವ್ವಾ," ಎಂದರು. ದನಿಯಲ್ಲಿ ಮರುಕವಿತ್ತು, ಆದರೆ ಮುಖ ಮೂರು ತಿಂಗಳಲ್ಲಿ ಮೊದಲ ಸಲ ಬೆಳಗಿತ್ತು. ಅಡುಗೆಮನೆಯವರೆಗೂ ಹಿಂದೆಯೇ ಬಂದು, ಯಾರೂ ಇಲ್ಲದ್ದನ್ನು ನೋಡಿಕೊಂಡು, ತಡೆಯಲಾರದೆ ಹೇಳಿಯೇ ಬಿಟ್ಟರು: "ಹಂಗಾದ್ರೆ ನಮ್ಮ ವಿಭೂತಿದೇನೂ ತಪ್ಪಿಲ್ಲ ಅಂತಾತಲ್ಲ?" ವಾಣಿಶ್ರೀ ತಿರುಗಿ ಅವರ ಮುಖ ನೋಡಿದಳು. ಈ ಮೂರು ತಿಂಗಳು ಮುದುಕಿ ಪೂಜೆಗೆ ಕೂತಾಗಲೆಲ್ಲ ತನ್ನ ದೇವರನ್ನು ಅಪರಾಧಿಯಂತೆ ಅಂಗೈಯಲ್ಲಿ ಹಿಡಿದಿದ್ದರೇ? ಸೊಸೆಯ ಎರಡು ವರ್ಷ ತಿಂದದ್ದು ತನ್ನ ಒಂದು ಚಿಟಿಕೆ ಎಂದು ಯಾರಿಗೂ ಹೇಳದೆ ಒಳಗೇ ಕೊರಗಿದ್ದರೇ? ಒಂದೇ ಸೂರಿನ ಕೆಳಗೆ, ಒಂದು ಗೋಡೆಯ ಆಚೆ ಈಚೆ, ಇಬ್ಬರೂ ಕೊರಗುತ್ತಿದ್ದರು, ಇಬ್ಬರೂ ಕೇಳಲಿಲ್ಲ. "ಇಲ್ಲತ್ತೆ, ವಿಭೂತಿದೇನೂ ತಪ್ಪಿಲ್ಲ," ಎಂದಳು. ಮೂರನೆಯ ಸುಳ್ಳು. ಇದನ್ನು ಹೇಳಿದ್ದಕ್ಕೆ ಮಾತ್ರ ಅವಳಿಗೆ ಪಶ್ಚಾತ್ತಾಪವಾಗಲಿಲ್ಲ.

ಕೊಟ್ಟೂರೇಶ ಎಂದಿಗಿಂತ ಬೇಗ ಬಂದ. ಶರ್ಟಿನ ಜೇಬಿನಿಂದ ಔಷಧಿ ಅಂಗಡಿಯ ಸಣ್ಣ ಕವರು ತೆಗೆದು ಅವಳ ಕೋಣೆಯ ಮೇಜಿನ ಮೇಲಿಟ್ಟ. "ಡಾಕ್ಟ್ರು ಹೋದ ಸಲನೇ ಹೇಳಿದ್ರಲ್ಲ, ಇಳೀದಿದ್ರೆ ಡೋಸು ನೂರಿಪ್ಪತ್ತೈದು ಮಾಡಾಣ ಅಂತ. ಕಲ್ಲಪ್ಪನ ಅಂಗಡಿಯಾಗೆ ತಂದೆ. ನಾಳೆಯಿಂದ ಇದು." ಹಣೆಯ ಬೆವರು ಒರೆಸಿಕೊಂಡ. ಅವನಿಗೆ ಖುಷಿಯಾಗಿತ್ತು, ಕೆಟ್ಟ ಮೋಟರಿಗೆ ಯಾವ ಭಾಗ ಹಾಕಬೇಕೆಂದು ಗೊತ್ತಾದಾಗ ಆಗುವಂಥ ಖುಷಿ. ವಾಣಿಶ್ರೀ ಕವರಿನಿಂದ ಗುಳಿಗೆಯ ಪಟ್ಟಿ ತೆಗೆದು ನೋಡಿದಳು. ಬೇಕಿಲ್ಲದ ಮೈಗೆ ಇದು ಹೋದರೆ ಏನಾಗುತ್ತದೆ ಎಂದು ಅವಳಿಗೆ ಪಾಠ ಮಾಡುವಷ್ಟು ಗೊತ್ತು. ಪಿಟ್ಯುಟರಿ ಪೂರಾ ಮೂಕಾಗುತ್ತದೆ. ಎದೆ ಸುಮ್ಮಸುಮ್ಮನೆ ಓಡುತ್ತದೆ, ಕೈ ನಡುಗುತ್ತದೆ, ನಿದ್ದೆ ಹತ್ತುವುದಿಲ್ಲ, ವರ್ಷಗಟ್ಟಲೆಯಾದರೆ ಎಲುಬೂ ಸವೆಯುತ್ತದೆ. ನುಂಗಿದರೆ ನಿಜವಾದ ಕಾಯಿಲೆಯೊಂದು ಸಿಗುತ್ತದೆ, ಅದಕ್ಕೂ ಒಂದು ಸಂಖ್ಯೆ ಇರುತ್ತದೆ, ಮತ್ತೆ ಯಾರಾದರೂ ಸೀಟು ಸಿಕ್ಕಿತೇ ಎಂದು ಕೇಳುತ್ತಾರೆ. ಒಂದು ಕ್ಷಣ, ಒಂದೇ ಕ್ಷಣ, ಅದು ಅವಳಿಗೆ ಅಷ್ಟೇನೂ ಕೆಟ್ಟದಾಗಿ ಕಾಣಲಿಲ್ಲ. ಆ ಕ್ಷಣಕ್ಕೆ ಅವಳು ಹೆದರಿದಳು.

"ಇದು ಬ್ಯಾಡ್ರಿ," ಎಂದಳು. "ರಿಪೋರ್ಟು ನಾರ್ಮಲ್ ಬಂದೈತೆ."

ಫೋನು ತೆಗೆದು ತೋರಿಸಿದಳು. ಓದಿದ, ಮತ್ತೊಮ್ಮೆ ಓದಿದ. ಮೊದಲು ನಗು ಬಂತು ಅವನಿಗೆ, ಆಮೇಲೆ ಗೊಂದಲ. "ಮತ್ತೆ ಯಾಕ ಜಾಸ್ತಿ ಐತೆ ಅಂದಿ?"

"ನಾರ್ಮಲ್ ಅಂದ್ರೆ ನೀವು ಕೇಳೋದು ಬಿಡ್ತೀರಿ."

"ಏನು ಕೇಳೋದು?"

ಅವಳು ಫೋನು ಈಸಿಕೊಂಡು ಮಂಚದ ಮೇಲೆ ಕೂತಳು. ಅವನಿಗೆ ಸಿಟ್ಟು ಬರುತ್ತದೆಂದುಕೊಂಡಿದ್ದಳು. ಬಂದಿದ್ದರೆ ಜಗಳವಾಡಬಹುದಿತ್ತು, ಜಗಳದಲ್ಲಿ ಏನೇನೋ ಹೊರಬೀಳಬಹುದಿತ್ತು. ಅವನು ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಕೂತ. ಮೊಣಕಾಲ ಮೇಲೆ ಕೈಯೂರಿ, ಗಿರಾಕಿಯ ದೂರು ಕೇಳಿಸಿಕೊಳ್ಳುವಾಗಿನ ಅದೇ ತಾಳ್ಮೆಯಿಂದ, "ಸರಿ. ಈಗ ಕೇಳ್ತೀನಿ ನೋಡು. ಏನಾಗೈತೆ ನಿನಗೆ? ಹೇಳು," ಎಂದ. ಎಷ್ಟೋ ವರ್ಷದಿಂದ ಅವಳು ಕಾಯುತ್ತಿದ್ದ ಮಾತು. ಅವನ ಕಣ್ಣಲ್ಲಿ ಮೋಸವಿರಲಿಲ್ಲ. ಅವಳು ಬಾಯಿ ತೆರೆದಳು. ಬಸ್ಸಿನಲ್ಲಿ, ಬಚ್ಚಲಲ್ಲಿ, ಬೋರ್ಡಿನ ಮುಂದೆ ಅವಳು ಅವನೊಂದಿಗೆ ಗಂಟೆಗಟ್ಟಲೆ ಮಾತಾಡಿದ್ದಳು, ಎಲ್ಲ ತಯಾರಿತ್ತು. ಈಗ ಒಂದೂ ಇಲ್ಲ. ಕೆರೆ ಏರಿಯ ಕಥೆ ಹೇಳಲೇ? ಮೊಸರನ್ನದ ಡಬ್ಬಿಗಾಗಿ ಇಷ್ಟು ವರ್ಷ ಕಣ್ಣೀರಿಟ್ಟೆನೆಂದು ಹೇಳಲೇ? ಕೊನೆಗೆ, ಮಗ್ಗಿ ಮರೆತ ಹುಡುಗಿಯಂತೆ ನೆಲ ನೋಡುತ್ತ, "ಒಂಟಿ ಅನ್ನಿಸ್ತೈತ್ರಿ," ಎಂದಳು.

ಕೊಟ್ಟೂರೇಶ ಸುತ್ತ ನೋಡಿದ. ನಡುಮನೆಯಲ್ಲಿ ಟಿವಿ ಓಡುತ್ತಿತ್ತು, ಮೈದುನನ ಮಕ್ಕಳು ರಿಮೋಟಿಗೆ ಕಿತ್ತಾಡುತ್ತಿದ್ದವು, ಕೃತಿಕಾ ಇಬ್ಬರಿಗೂ ಗದರುತ್ತಿದ್ದಳು, ಒಳಗೆ ಓರಗಿತ್ತಿ ಒಗ್ಗರಣೆ ಹಾಕಿದ ಸದ್ದು. "ಇಷ್ಟು ಜನ ಅದೀವಲ್ಲೇ," ಎಂದ. ಕುಹಕವಿರಲಿಲ್ಲ. ಅವಳಿಗೆ ಕಾಣಿಸದೆ ಹೋಗಿದ್ದನ್ನು ತೋರಿಸಿಕೊಡುವವನ ದನಿಯಿತ್ತು. ಆಮೇಲೆ, ಮುಖ್ಯವಾದದ್ದು ಇನ್ನೂ ಹೇಳಿಲ್ಲವೆಂದು ನೆನಪಾಗಿ, ಬಾಗಿಲ ಕಡೆ ತಿರುಗಿ ಕೂಗಿದ: "ಅವ್ವಾ! ರಿಪೋರ್ಟು ನಾರ್ಮಲ್ಲಂತೆ! ಇವಳೇ ತಪ್ಪು ಓದ್ಯಾಳೆ!"

ದ್ರಾಕ್ಷಾಯಣಮ್ಮ ಬಂದದ್ದು ಸ್ವಲ್ಪ ತಡವಾಗಿ. ಬಾಗಿಲಲ್ಲಿ ನಿಂತು ಸೊಸೆಯ ಮುಖವನ್ನೊಮ್ಮೆ ನೋಡಿದರು, ದೃಷ್ಟಿ ಸರಿಸಿದರು. ಅವರ ಮುಖದಲ್ಲಿ ಸಂಜೆಯ ಬೆಳಕು ಉಳಿದಿರಲಿಲ್ಲ. ಆದರೂ ಕೈಯಲ್ಲಿ ಸಕ್ಕರೆ ಡಬ್ಬಿಯಿತ್ತು. "ಆಗ್ಲಿ ಬಿಡವ್ವಾ," ಎಂದರು, "ತಪ್ಪು ವಿಭೂತಿದೇ ಇರ್ಲಿ. ನೀನು ನೆಟ್ಟಗಾದ್ಯಲ್ಲ, ಅದು ಸಾಕು," ಎಂದು ಒಂದು ಚಿಟಿಕೆ ಸಕ್ಕರೆಯನ್ನು ಅವಳ ಬಾಯಿಗೆ ಹಾಕಿದರು. ಮಕ್ಕಳು ತಮಗೂ ಬೇಕೆಂದು ಓಡಿ ಬಂದವು. ಓರಗಿತ್ತಿ ಸೌಟು ಹಿಡಿದೇ ಬಂದು, "ಇನ್ನಾದ್ರೂ ನಗ್ರಿ ಅಕ್ಕಾ," ಎಂದಳು. ಕೋಣೆ ತುಂಬಿತು. ಅವಳು ಎಲ್ಲರಿಗೂ ಒಮ್ಮೆ ನಕ್ಕಳು. ಸಕ್ಕರೆ ಇನ್ನೂ ಪೂರ್ತಿ ಕರಗಿರಲಿಲ್ಲ, ಅಳು ಬಂತು. ತಡೆದುಕೊಳ್ಳಲಾಗಲಿಲ್ಲ. ದ್ರಾಕ್ಷಾಯಣಮ್ಮ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋದರು. ಕೊಟ್ಟೂರೇಶ ಅವಳ ಪಕ್ಕ ಬಂದು ಮಂಚದ ಮೇಲೆ ಕೂತು, ಎಷ್ಟೋ ದಿನದ ಮೇಲೆ ಅವಳ ಬೆನ್ನ ಮೇಲೆ ಕೈಯಿಟ್ಟ.

"ಬಿ ಹನ್ನೆರಡು ಕಮ್ಮಿ ಇದ್ರೂ ಹಿಂಗಾಗ್ತೈತಂತೆ," ಎಂದ ಮೆಲ್ಲಗೆ. "ಕಲ್ಲಪ್ಪನ ಹೆಂಡ್ತಿಗೂ ಹಿಂಗೇ ಇತ್ತು. ನಾಳೆ ರಕ್ತ ಕೊಟ್ಟು ಬರಾಣ. ಅಳು ಬರ್ತೈತೆ ಅಂತ ಡಾಕ್ಟ್ರಿಗೆ ಹೇಳು, ಮರೀಬ್ಯಾಡ."